ಬಿಳಿ ಪೇಂಟ್ ಆಮೇಲೆ, ಮೊದಲು ನೆಲದ ಮೇಲೆ ಒಂದು ಹಾಳೆ ಇಡಿ

ದಾವಣಗೆರೆಯಲ್ಲಿ ಹೊಸ ಮನೆ, ಹಾಲ್ ಪೂರ್ತಿ ಬಿಳಿ, ಕ್ರೀಮ್‌ನಲ್ಲೇ ಹಿತವಾಗಿ ಕಾಣಬೇಕು, ಯಾವ ಬಿಳಿ ಪೇಂಟ್ ಹೊಡೆಸಲಿ, ನಮ್ಮೂರ ಧೂಳಿಗೆ ಅದು ತಡೆಯುತ್ತಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಪೇಂಟ್ ಅಂಗಡಿಗೆ ಹೋಗಿದ್ದೆ. ಹೋಗಬಾರದಿತ್ತು. ಗೋಡೆಯ ಬಣ್ಣ ಕೊನೆಗೆ ಆರಿಸುವಂಥದ್ದು, ನಾನು ಅದನ್ನೇ ಮೊದಲು ಆರಿಸಿದೆ.

ನಮ್ಮ ಹಾಲ್ 12 ಅಡಿಗೆ 16 ಅಡಿ, ದೊಡ್ಡ ಕಿಟಕಿ ಪಶ್ಚಿಮಕ್ಕೆ. ನೆಲಕ್ಕೆ ಐವರಿ ಬಣ್ಣದ ವಿಟ್ರಿಫೈಡ್ ಟೈಲ್ಸ್ ಹಾಕಿ ಆಗಿತ್ತು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಶೇಡ್ ಕಾರ್ಡ್ ಬಿಚ್ಚಿ, ಇದ್ದುದರಲ್ಲೇ ಅಪ್ಪಟ ಬಿಳಿ ಯಾವುದೋ ಅದಕ್ಕೆ ಬೆರಳಿಟ್ಟೆ. ಎರಡು ಕೋಟ್ ಮುಗಿದು ಸಾಮಾನೆಲ್ಲ ಒಳಗಿಟ್ಟ ಮೇಲೆ ನೋಡಿದರೆ ನೆಲ ಕೊಳಕು. ಅಮ್ಮ ಫಿನಾಯಿಲ್ ಹಾಕಿ ಒರೆಸಿದರು, ಸೋಪಿನ ಪುಡಿ ಹಾಕಿ ತಿಕ್ಕಿದರು, ಹೋಗಲಿಲ್ಲ. ಪುಟ್ಟಿ ಚೆಲ್ಲಿ ಹಿಡಿದುಕೊಂಡಿರಬೇಕು ಅಂದುಕೊಂಡು ನಾನು ಟೈಲ್ಸ್ ತೊಳೆಯುವ ಆಸಿಡ್ ತಂದು ಸುರಿದೆ. ನೆಲ ಹಾಗೇ ಉಳಿಯಿತು. ಟೈಲ್ಸ್ ಸಂದಿಯ ಸಿಮೆಂಟ್ ಗ್ರೌಟನ್ನು ಮಾತ್ರ ಆಸಿಡ್ ತಿಂದು ಹಾಕಿತು, ಒರೆಸಿದಾಗಲೆಲ್ಲ ಪುಡಿಪುಡಿಯಾಗಿ ಎದ್ದು ಬರುತ್ತಿತ್ತು.

ಅಲ್ಲಿ ಕೊಳೆ ಇರಲೇ ಇಲ್ಲ. ಒಂದು ದಿನ ಯಾವುದೋ ಬಿಲ್ಲು, ಎ4 ಹಾಳೆ, ಕೈಜಾರಿ ನೆಲಕ್ಕೆ ಬಿತ್ತು. ಅದರ ಪಕ್ಕದಲ್ಲಿ ಟೈಲ್ಸ್ ಹಳದಿಯಾಗಿ ಕಾಣಿಸಿತು. ಅದೇ ಹಾಳೆಯನ್ನು ಗೋಡೆಗೆ ಹಿಡಿದೆ, ಎರಡೂ ಒಂದೇ. ಆಗ ಗೊತ್ತಾಯಿತು: ನಮ್ಮ ಗೋಡೆ ನೀಲಿ ಕಡೆ ವಾಲಿದ ಬಿಳಿ, ನೆಲ ಹಳದಿ ಕಡೆ ವಾಲಿದ ಬಿಳಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಣ್ಣು ಒಂದನ್ನು ಶುಭ್ರ ಅನ್ನುತ್ತೆ, ಇನ್ನೊಂದನ್ನು ಕೊಳೆ ಅನ್ನುತ್ತೆ.

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವೂ ಮಾಡುವುದು ಇದೇ ತಪ್ಪು. ಪಂಚೆ ಒಗೆದ ಮೇಲೆ ನೀಲಿಯಲ್ಲಿ ಅದ್ದಿ ತೆಗೆಯುವ ಮನೆಗಳಲ್ಲಿ ಬೆಳೆದವರು ನಾವು. ಗೋಡೆಗೆ ಹೊಡೆಯುವ ಸುಣ್ಣಕ್ಕೂ ಚಿಟಿಕೆ ನೀಲಿ ಬೆರೆಸುತ್ತಿದ್ದರು. ಹಳದಿ ಛಾಯೆಯನ್ನು ನೀಲಿ ಮುಚ್ಚುತ್ತೆ, ಬಟ್ಟೆ ಇನ್ನಷ್ಟು ಬೆಳ್ಳಗೆ ಕಾಣುತ್ತೆ. ಹಾಗಾಗಿ ನಮ್ಮ ಕಣ್ಣಿಗೆ ನೀಲಿ ಬೆರೆತ ಬಿಳಿಯೇ ಬಿಳಿ. ಶೇಡ್ ಕಾರ್ಡಿನ ಅತಿ ಬಿಳಿಯಲ್ಲೂ ಸಾಮಾನ್ಯವಾಗಿ ಇದೇ ನೀಲಿ ಛಾಯೆ ಇರುತ್ತೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಏರಿದಷ್ಟೂ ಬೆಳಕು ನೀಲಿ ಕಡೆ ವಾಲುತ್ತೆ. ಈ ಬಿಳಿಯ ಮೇಲೆ 6500 ಕೆಲ್ವಿನ್‌ನ ಎಲ್‌ಇಡಿ ಬೆಳಕು ಬಿದ್ದರೆ ನೀಲಿಗೆ ನೀಲಿ ಸೇರಿದಂತೆ. ಸಂಜೆ ಐದೂವರೆಗೆ ಪಶ್ಚಿಮದ ಬಿಸಿಲು ಬಿದ್ದಾಗ ನಮ್ಮ ಗೋಡೆ ಏಪ್ರಿಕಾಟ್ ಹಣ್ಣಿನ ತಿಳಿ ಕಿತ್ತಳೆ ಬಣ್ಣಕ್ಕೆ ತಿರುಗಿ ಚೆನ್ನಾಗಿರುತ್ತಿತ್ತು, ಏಳಕ್ಕೆ ಟ್ಯೂಬ್‌ಲೈಟ್ ಹಾಕಿದ ತಕ್ಷಣ ಆಸ್ಪತ್ರೆಯ ವಾರ್ಡು. ಅದೇ ಗೋಡೆ, ಅದೇ ಪೇಂಟ್.

ಹಾಗಾಗಿ "ಯಾವ ಬಿಳಿ ಒಳ್ಳೇದು" ಅನ್ನುವ ಪ್ರಶ್ನೆಯನ್ನು ಬಿಡಿ. ನಿಮ್ಮ ನೆಲ ಯಾವ ಕಡೆ ವಾಲಿದೆ ಅಂತ ಮೊದಲು ನೋಡಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಎಲ್ಲ ಲೈಟ್ ಆರಿಸಿ, ನೆಲದ ಮೇಲೆ ಎ4 ಹಾಳೆ ಇಟ್ಟು ನಿಂತು ನೋಡಿ. ಟೈಲ್ಸ್ ಹಳದಿಯೋ, ಗುಲಾಬಿಯೋ, ಬೂದು ಬಣ್ಣವೋ ಅಂತ ತಾನಾಗಿ ಗೊತ್ತಾಗುತ್ತೆ. ಗೋಡೆಯ ಬಿಳಿ ಅದೇ ಕಡೆ ವಾಲಿರಬೇಕು, ನೆಲಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾಗಿರಬೇಕು, ಅಷ್ಟೇ.

ಬಿಳಿಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಹಿಡಿಯದಿದ್ದರೆ ಅಡುಗೆಮನೆಗೆ ಹೋಗಿ. ಒಂದು ಸ್ಟೀಲ್ ತಟ್ಟೆಯಲ್ಲಿ ಒಂದು ಹಿಡಿ ಮಂಡಕ್ಕಿ, ಒಂದು ಉಂಡೆ ಹಸುವಿನ ಬೆಣ್ಣೆ, ಬತ್ತಿ ಹೊಸೆಯುವ ಹತ್ತಿ, ಎಲೆ ಅಡಿಕೆಯ ಸುಣ್ಣ ಇಟ್ಟು ಕಿಟಕಿಯ ಹತ್ತಿರ ಹಿಡಿಯಿರಿ. ಒಂಟಿಯಾಗಿ ನೋಡಿದರೆ ನಾಲ್ಕೂ ಬಿಳಿಯೇ. ಒಟ್ಟಿಗೆ ನೋಡಿದರೆ ಸುಣ್ಣ ತಣ್ಣಗೆ, ಬೆಣ್ಣೆ ಹಳದಿ, ಮಂಡಕ್ಕಿ ತುಸು ಬೂದು ಬೆರೆತ ಕ್ರೀಮ್, ಹತ್ತಿ ಇವುಗಳ ನಡುವೆ ಎಲ್ಲೋ. ಐವರಿ ನೆಲವಿದ್ದ ನಮ್ಮ ಹಾಲ್‌ಗೆ ಕೊನೆಗೆ ಕೂತದ್ದು ಮಂಡಕ್ಕಿಯ ಬಿಳಿ.

ಸ್ಯಾಂಪಲ್ ಡಬ್ಬಿ ತಂದು ಗೋಡೆಗೇ ಬಳಿಯಬೇಡಿ, ಹಳೇ ಬಣ್ಣ ಸುತ್ತ ಇದ್ದರೆ ಕಣ್ಣು ಮೋಸ ಹೋಗುತ್ತೆ. ದೊಡ್ಡ ಡ್ರಾಯಿಂಗ್ ಶೀಟ್‌ಗೆ ಎರಡು ಕೋಟ್ ಹೊಡೆದು, ಪೂರ್ತಿ ಒಣಗಿಸಿ, ಕೆಳ ಅಂಚು ಟೈಲ್ಸ್‌ಗೆ ತಾಗುವಂತೆ ಗೋಡೆಗೆ ನಿಲ್ಲಿಸಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಲೈಟ್ ಹಾಕಿದ ಮೇಲೆ, ನಾಲ್ಕು ಹೊತ್ತು ನೋಡಿ. ಅದಕ್ಕೂ ಮುಂಚೆ ಬಲ್ಬ್ ಬದಲಿಸಿ. ಬಲ್ಬಿನ ಡಬ್ಬಿಯ ಮೇಲೆ ವಾರ್ಮ್ ವೈಟ್ (ಹಳದಿ ಕಡೆ ವಾಲಿದ ಬೆಳಕು), 3000 ಕೆಲ್ವಿನ್ ಅಂತ ಇರಲಿ. ಕೇಳದಿದ್ದರೆ ಅಂಗಡಿಯವರು 6500ರದ್ದೇ ಕೊಡುತ್ತಾರೆ. ನಮ್ಮಷ್ಟೇ ಹಾಲ್ ಇದ್ದರೆ 9 ವ್ಯಾಟ್‌ನ ಮೂರು ಬಲ್ಬ್ ಮೂರು ಕಡೆ ಸಾಕು. ಒಂದೇ ಕೋಣೆಯಲ್ಲಿ ಎರಡು ಬಗೆ ಬೆರೆಸಬೇಡಿ.

ಲೆಕ್ಕ ಹೇಳಿಬಿಡುತ್ತೇನೆ. ಹತ್ತಡಿ ಎತ್ತರಕ್ಕೆ ನಾಲ್ಕು ಗೋಡೆ 560 ಚದರಡಿ, ಬಾಗಿಲು ಕಿಟಕಿ ಕಳೆದರೆ ಸುಮಾರು 470. ಪುಟ್ಟಿ ನಯವಾಗಿದ್ದರೆ ಎರಡು ಕೋಟ್‌ಗೆ ಲೀಟರ್ ಎಮಲ್ಷನ್ 120ರಿಂದ 140 ಚದರಡಿ ಬರುತ್ತೆ, ಅಂದರೆ 4 ಲೀಟರ್. ಸೀಲಿಂಗ್‌ಗೆ ಅಪ್ಪಟ ಬಿಳಿ ಬೇಡ, ಗೋಡೆಯ ಶೇಡನ್ನೇ ಅರ್ಧ ಬಣ್ಣ ಹಾಕಿ ಮಿಕ್ಸ್ ಮಾಡಿಸಿ. ಹೊಸ ಗಾರೆಯಾದರೆ ಕನಿಷ್ಠ 28 ದಿನ ಒಣಗಲಿ.

ಧೂಳಿನ ವಿಷಯ. ಚಿತ್ರದುರ್ಗದ ಕಡೆ ಕೆಂಪು ಧೂಳು, ನಮ್ಮಲ್ಲಿ ಎರೆಹೊಲದ ಬೂದು ಧೂಳು. ಎರಡೂ ಎದ್ದು ಕಾಣುವುದು ನೀಲಿ ಬಿಳಿಯ ಮೇಲೆ. ಮಂಡಕ್ಕಿ ಬಿಳಿಯ ಮೇಲೆ ಅಷ್ಟು ಕಾಣಲ್ಲ. ಹೊಳಪೇ ಇಲ್ಲದ ಪೂರ್ತಿ ಮ್ಯಾಟ್ ಪೇಂಟ್ ಬೇಡ, ಒದ್ದೆ ಬಟ್ಟೆ ಆಡಿಸಿದರೆ ಉಜ್ಜಿದ ಗುರುತು ಉಳಿಯುತ್ತೆ. ಹೆಚ್ಚು ಹೊಳಪೂ ಬೇಡ, ಪುಟ್ಟಿಯ ಏರಿಳಿತವೆಲ್ಲ ಸಂಜೆ ಬಿಸಿಲಿಗೆ ಎದ್ದು ಕಾಣುತ್ತೆ. ತುಸುವೇ ಹೊಳಪಿರುವ ಸಾಫ್ಟ್ ಶೀನ್ ಸರಿ.

ಇನ್ನು ಬಟ್ಟೆ. ಹಿತ ಅನ್ನಿಸುವುದು ಗೋಡೆಯಿಂದ ಅಲ್ಲ, ಇದರಿಂದ. ಎಲ್ಲವೂ ಒಂದೇ ಬಿಳಿ, ಎಲ್ಲವೂ ನಯ ಆದರೆ ಹಾಲ್ ಶೋರೂಮ್ ಥರ ಇರುತ್ತೆ. ಒರಟು, ನಯ, ತೆಳು, ದಪ್ಪ ಬೆರೆಯಬೇಕು. ಪರದೆಗೆ ಕೋರಾ ಬಟ್ಟೆ, ಅಂದರೆ ಬಿಳುಪು ಮಾಡದ ಹತ್ತಿ ಬಟ್ಟೆ ತಗೊಳ್ಳಿ, ಹಿಂದೆ ತೆಳುವಾದ ಬಿಳಿ ಪರದೆ ಇರಲಿ. 5 ಅಡಿ ರಾಡಿಗೆ ಬಟ್ಟೆ ಅದರ ಎರಡು ಪಟ್ಟು, ಅಂದರೆ 44 ಇಂಚು ಪನ್ನದ್ದು ಮೂರು ತುಂಡು. ರಾಡ್ ಏಳೂವರೆ ಅಡಿ ಎತ್ತರದಲ್ಲಿದ್ದರೆ ತುಂಡಿಗೆ 9 ಅಡಿ, ಒಟ್ಟು ಎಂಟೂವರೆ ಮೀಟರ್. ಹೊಲಿಸುವ ಮುಂಚೆ ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ. ಕೋರಾ ಚೆನ್ನಾಗಿ ಕುಗ್ಗುತ್ತೆ, ನೆನೆಸದೆ ಹೊಲಿಸಿದರೆ ಮೊದಲ ಒಗೆತಕ್ಕೇ ಪರದೆ ಮೊಣಕಾಲುದ್ದ ಮೇಲೇರಿದಂತೆ ಕಾಣುತ್ತೆ. ಅಂಚು ನೆಲದಿಂದ ಅರ್ಧ ಇಂಚು ಮೇಲಿರಲಿ, ಒರೆಸುವ ನೀರು ಹತ್ತಬಾರದು.

ಒಗೆಯಲು ಬೋರ್ ನೀರು ಬೇಡ. ಗಡಸು ನೀರಿನಲ್ಲಿ ಬಾರ್ ಸೋಪು ಜಿಡ್ಡಾಗಿ ನೂಲಿಗೆ ಅಂಟಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತೆ. ನಲ್ಲಿ ನೀರು ಬಂದ ದಿನ ಡಿಟರ್ಜೆಂಟ್ ಪುಡಿ ಹಾಕಿ ಒಗೆಯಿರಿ. ಮುಖ್ಯವಾಗಿ, ಕೊನೆಯಲ್ಲಿ ನೀಲಿ ಹಾಕಬೇಡಿ. ಕ್ರೀಮ್ ಬಟ್ಟೆಗೆ ನೀಲಿ ಬಿದ್ದರೆ ಮಾಸಿದ ಬೂದು ಬಣ್ಣ ಬರುತ್ತೆ. ಕೆಲಸಕ್ಕೆ ಬರುವ ಅಕ್ಕನಿಗೂ ಮೊದಲೇ ಹೇಳಿಡಿ.

ಬಿಳಿಯ ನಡುವೆ ಒಂದು ಕಡು ಬಣ್ಣ ಬೇಕೇ ಬೇಕು, ಇಲ್ಲದಿದ್ದರೆ ಕಣ್ಣಿಗೆ ನಿಲ್ಲಲು ಜಾಗವಿರಲ್ಲ. ಕುಶನ್‌ಗಳಿಗೆ ದುಡ್ಡು ಸುರಿಯುವ ಬದಲು ಚಳ್ಳಕೆರೆಯ ಒಂದು ಕೈಮಗ್ಗದ ಕಂಬಳಿ ತನ್ನಿ. ಬಣ್ಣ ಹಾಕದ ಉಣ್ಣೆ, ಕುರಿಯದೇ ಕಪ್ಪು, ನಡುವೆ ಬೂದು, ಅಂಚಿಗೆ ಬಿಳಿ ಗೆರೆ. ಹೊಸದು ತಗಡಿನ ಹಾಗೆ ಸೆಟೆದಿರುತ್ತೆ, ನೇಯುವ ಮುಂಚೆ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ. ಒಮ್ಮೆ ತಣ್ಣೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿದರೆ ಮೆತ್ತಗಾಗುತ್ತೆ. ಚುಚ್ಚುತ್ತೆ, ಹಾಗಾಗಿ ಕೂರುವ ಕಡೆ ಬೇಡ, ದಿವಾನದ ಕಾಲಿನ ಕಡೆ ಮಡಚಿ ಹಾಕಿ. ನಮ್ಮ ಹಾಲ್‌ನಲ್ಲಿ ಬಂದವರು ಮೊದಲು ಮುಟ್ಟಿ ನೋಡುವುದು ಅದನ್ನೇ.

ಎ4 ಹಾಳೆ ಇಟ್ಟು ನೋಡಿ, ನಿಮ್ಮ ನೆಲ ಯಾವ ಕಡೆ ವಾಲಿದೆ, ಕಿಟಕಿ ಯಾವ ದಿಕ್ಕಿಗಿದೆ ಅಂತ ಕೆಳಗೆ ಬರೆಯಿರಿ. ಆಗ ಯಾವ ಶೇಡ್ ಅಂತ ಹೇಳಬಹುದು.