ಎದೆಯಲ್ಲಿ ಕೀವು: ಪೈಪ್ ಹಾಕಿಸಬೇಕಾ?

ಪ್ರಶ್ನೆ: ನಮ್ಮ ಅಪ್ಪನಿಗೆ 58 ವರ್ಷ. ತುಂಬಾ ದಿನದಿಂದ ಶುಗರ್ ಇದೆ. ನ್ಯುಮೋನಿಯಾ ಆಗಿ ಇಂಜೆಕ್ಷನ್ ಕೊಡಿಸಿದರೂ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ. ಈಗ ಬಲಗಡೆ ಶ್ವಾಸಕೋಶದ ಸುತ್ತ ಕೀವು ತುಂಬಿದೆ, ಪೈಪ್ ಹಾಕಬೇಕು ಅಂತಾರೆ. ಶ್ವಾಸಕೋಶ ತೂತಾಗುತ್ತೆ ಅಂತ ಅಪ್ಪ ಒಪ್ಪುತ್ತಿಲ್ಲ. ಸೂಜಿಯಲ್ಲಿ ತೆಗೆದು ಮಾತ್ರೆ ಕೊಟ್ಟರೆ ಸಾಲದಾ? ಇದು ಟಿ.ಬಿ. ಇರಬಹುದಾ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಪೈಪ್ ಹಾಕಿಸಿ ತಾಯಿ. ಸಂಚಿಕೆ ಬರುವವರೆಗೆ ಕಾಯಬಾರದು ಅಂತ ಸಂಪಾದಕರ ಕೈಲಿ ನಿಮಗೆ ಫೋನ್ ಮಾಡಿಸಿದ್ದೇನೆ. ಇದೇ ಭಯದಲ್ಲಿರುವ ಬೇರೆ ಮನೆಯವರಿಗೂ ಬೇಕಾಗುತ್ತದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಶ್ವಾಸಕೋಶದ ಮೇಲೊಂದು, ಪಕ್ಕೆಲುಬಿನ ಒಳಗಡೆ ಒಂದು ತೆಳು ಪೊರೆ ಇರುತ್ತದೆ. ಅವೆರಡರ ನಡುವೆ ಕೀವು ನಿಂತಿದೆ. ಔಷಧಿ ಹೋಗುವುದು ರಕ್ತದ ಮೂಲಕ. ಕೀವಿನೊಳಗೆ ರಕ್ತ ಹರಿಯುವುದಿಲ್ಲವಲ್ಲ, ಹಾಗಾಗಿ ಬರೀ ಔಷಧಿಯಿಂದ ಅದು ಕರಗುವುದಿಲ್ಲ. ಅಮಿಕಾಸಿನ್ ತರಹದ ಆಂಟಿಬಯೋಟಿಕ್ ಇಂಜೆಕ್ಷನ್ ಅಂತೂ ಕೀವಿನಲ್ಲಿ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ. ಸೂಜಿಯಲ್ಲಿ ತೆಗೆಯುವುದು ಮುಖ್ಯವಾಗಿ ಪರೀಕ್ಷೆಗೆ. ತೆಗೆದ ನೀರು ತಿಳಿಯಾಗಿ ಕಂಡರೂ ಅದರ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) 7.2ಕ್ಕಿಂತ ಕಡಿಮೆ ಇದ್ದರೆ ಪೈಪ್ ಬೇಕಾಗುತ್ತದೆ. ಕಣ್ಣಿಗೇ ಕೀವು ಕಂಡ ಮೇಲೆ ಚರ್ಚೆಯೇ ಇಲ್ಲ.

ಅಪ್ಪನಿಗೆ ಹೀಗೆ ಹೇಳಿ: ಪೈಪ್ ಹೋಗುವುದು ಶ್ವಾಸಕೋಶದೊಳಗೆ ಅಲ್ಲ, ಅದರ ಹೊರಗಿನ ಜಾಗಕ್ಕೆ. ಅಲ್ಟ್ರಾಸೌಂಡ್‌ನಲ್ಲಿ ಜಾಗ ನೋಡಿ, ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹಾಕುತ್ತಾರೆ. ಆಮೇಲೆ ನೋವಿರುತ್ತದೆ, ಸುಳ್ಳು ಹೇಳುವುದಿಲ್ಲ. ನೋವಿನ ಔಷಧಿ ಕೇಳಿ ಪಡೆಯಲಿ. ನೋವು ತಡೆದುಕೊಂಡು ಕೆಮ್ಮದೆ ಮಲಗಿದರೆ ಶ್ವಾಸಕೋಶ ಅರಳುವುದಿಲ್ಲ.

ನನಗೆ ನಿಜವಾಗಿ ಹೆದರಿಕೆ ಇರುವುದು ತಡ ಮಾಡುವುದರ ಬಗ್ಗೆ. ದಿನ ಕಳೆದಂತೆ ಒಳಗೆ ಪರದೆಗಳು ಕಟ್ಟಿಕೊಂಡು ಕೀವು ಬೇರೆ ಬೇರೆ ಕೋಣೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಒಂದು ಪೈಪಿಗೆ ಎಲ್ಲ ಬರುವುದಿಲ್ಲ. ಪರದೆ ಕರಗಿಸಲು ಪೈಪಿನ ಮೂಲಕವೇ ಔಷಧಿ ಬಿಡಬಹುದು. ಆಲ್ಟೆಪ್ಲೇಸ್ ಮತ್ತು ಡಿಎನ್‌ಏಸ್ ಎರಡನ್ನೂ ಸೇರಿಸಿ ಮೂರು ದಿನ ಕೊಟ್ಟರೆ ಕೀವು ಚೆನ್ನಾಗಿ ಇಳಿಯುತ್ತದೆ, ಒಂದೊಂದೇ ಕೊಟ್ಟರೆ ಅಷ್ಟು ಲಾಭವಿಲ್ಲ ಅಂತ ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದಕ್ಕೆ ಖರ್ಚು ಜಾಸ್ತಿ. ನಮ್ಮಲ್ಲಿ ಸ್ಟ್ರೆಪ್ಟೋಕೈನೇಸ್ ಅಥವಾ ಯುರೋಕೈನೇಸ್ ಬಳಸುವವರೂ ಇದ್ದಾರೆ. ಇನ್ನೂ ತಡವಾದರೆ ಶ್ವಾಸಕೋಶದ ಮೇಲೆ ದಪ್ಪ ಪದರ ಕಟ್ಟುತ್ತದೆ. ಅದನ್ನು ಆಪರೇಷನ್ ಮಾಡಿ ಸುಲಿದೇ ತೆಗೆಯಬೇಕು.

ಪೈಪ್ ಹಾಕಿದ ಮೇಲೆ ಕೀವು ಬಂದು ಬೀಳುವ ಬಾಟಲಿಯ ಕಡೆ ಮನೆಯವರ ಕಣ್ಣಿರಲಿ. ಅದು ಯಾವಾಗಲೂ ಎದೆಗಿಂತ ಕೆಳಗೇ ಇರಬೇಕು. ಬಾತ್‌ರೂಮಿಗೆ ಹೋಗುವಾಗಲೂ ಕೈಯನ್ನು ಇಳಿಬಿಟ್ಟು ಹಿಡಿಯಲಿ. ಮಂಚದ ಆ ಕಡೆಗೆ ದಾಟಿಸುವಾಗ ಮೇಲೆತ್ತಿದರೆ ಒಳಗಿನ ನೀರು ವಾಪಸ್ ಎದೆಗೆ ಹೋಗಬಹುದು. ಉಸಿರಾಡಿದಂತೆ ನಳಿಕೆಯಲ್ಲಿ ನೀರು ಏರಿ ಇಳಿಯುತ್ತಿರುತ್ತದೆ. ಅದು ಥಟ್ಟನೆ ನಿಂತರೆ ಪೈಪ್ ಎಲ್ಲಾದರೂ ಮಡಚಿದೆಯಾ, ಅಪ್ಪನೇ ಅದರ ಮೇಲೆ ಮಲಗಿದ್ದಾರಾ ನೋಡಿ, ನರ್ಸ್‌ಗೆ ಹೇಳಿ. ಬಾಟಲಿಯ ನೀರಿನಲ್ಲಿ ಗಾಳಿಗುಳ್ಳೆ ಬರುತ್ತಿರುವಾಗ ಯಾರೂ ಪೈಪಿಗೆ ಕ್ಲಿಪ್ ಹಾಕಬಾರದು.

ಟಿ.ಬಿ. ಇರಬಹುದು, ಇಲ್ಲದೆಯೂ ಇರಬಹುದು. ಕೀವನ್ನು ಜೀನ್‌ಎಕ್ಸ್‌ಪರ್ಟ್ (ಟಿ.ಬಿ. ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ಮತ್ತು ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಎರಡಕ್ಕೂ ಕಳಿಸಲು ಕೇಳಿ. ಎಡಿಎ (ಟಿ.ಬಿ. ನೀರಿನಲ್ಲಿ ಏರುವ ಒಂದು ಕಿಣ್ವ) ಜಾಸ್ತಿ ಬಂತು ಅನ್ನುವ ಒಂದೇ ಕಾರಣಕ್ಕೆ ಟಿ.ಬಿ. ಮಾತ್ರೆ ಶುರು ಮಾಡುವುದನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯ ಕೀವಿನಲ್ಲೂ ಎಡಿಎ ಏರುತ್ತದೆ. ಟಿ.ಬಿ. ಖಚಿತವಾದರೆ ಕಡಿಮೆ ಅಂದರೂ ಆರು ತಿಂಗಳ ಔಷಧಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಶುಗರ್ ಹತೋಟಿಗೆ ಸದ್ಯಕ್ಕೆ ಇನ್ಸುಲಿನ್ ಅಂದರೆ ಬೇಡ ಅನ್ನಬೇಡಿ. ಕೀವಿನ ಜೊತೆ ಪ್ರೋಟೀನೂ ಹೋಗುತ್ತದೆ, ಬರೀ ಗಂಜಿ ಸಾಲದು. ಮೊಟ್ಟೆ, ಬೇಳೆ, ಮೊಸರು ಕೊಡಿ. ಮೂರು ಚೆಂಡಿನ ಉಸಿರಿನ ಆಟಿಕೆ ಕೊಟ್ಟಿದ್ದರೆ ಎಚ್ಚರವಿರುವಾಗ ಗಂಟೆಗೊಮ್ಮೆ ಎಳೆಯಲಿ. ವಸಡಿನಲ್ಲಿ ಕೀವಿದ್ದರೆ ದಂತವೈದ್ಯರಿಗೂ ತೋರಿಸಿ, ಎಷ್ಟೋ ಸಲ ರೋಗಾಣು ಬಾಯಿಂದಲೇ ಇಳಿದಿರುತ್ತದೆ. ಜ್ವರ ಬಿಟ್ಟಿತು ಅಂತ ಆಂಟಿಬಯೋಟಿಕ್ ನಿಲ್ಲಿಸಬೇಡಿ, ಸಾಮಾನ್ಯವಾಗಿ ಮೂರರಿಂದ ಆರು ವಾರ ಬೇಕು. ಮತ್ತೆ ತೋರಿಸಲು ಹೋಗುವಾಗ ಹಳೆಯ ಎಕ್ಸ್‌ರೇಗಳನ್ನೂ ಒಯ್ಯಿರಿ. ಗುಣವಾದ ಮೇಲೂ ಕೆಲವು ತಿಂಗಳು ನೆರಳು ಉಳಿದಿರುತ್ತದೆ, ಹಳೆಯದು ಪಕ್ಕದಲ್ಲಿದ್ದರೇ ಅದು ಕಡಿಮೆಯಾಗಿದೆಯಾ ಅಂತ ಗೊತ್ತಾಗುವುದು.