40 ದಿನದ ಕೂಸಿನ ಪಿತ್ತನಾಳದಲ್ಲಿ ಸಿಸ್ಟ್: ಕಾಯಬಹುದೇ?

ಕಣ್ಣು ಹಳದಿ, ಮಲ ಬಿಳಿಚಿದೆ, ಗದಗಿನ ಸ್ಕ್ಯಾನಿಂಗ್‌ನಲ್ಲಿ ಸಣ್ಣ ಸಿಸ್ಟ್ (ದ್ರವ ತುಂಬಿದ ಚೀಲ) ಕಂಡಿದೆ ಎಂದು ಬರೆದಿದ್ದೀರಿ. ಮೊದಲು ಶಂಕಿಸಬೇಕಾದ್ದು ಬಿಲಿಯರಿ ಅಟ್ರೇಸಿಯಾ, ಅಂದರೆ ಪಿತ್ತನಾಳ ಮುಚ್ಚಿಹೋಗುವ ರೋಗ. ಅದರಲ್ಲೂ ಸಿಸ್ಟ್ ಇರುವ ಒಂದು ಬಗೆಯಿದೆ. ಬರೀ ಕೊಲೆಡೋಕಲ್ ಸಿಸ್ಟ್ (ಪಿತ್ತನಾಳ ಚೀಲದಂತೆ ಉಬ್ಬುವ ತೊಂದರೆ) ಎಂದುಕೊಂಡು ತಿಂಗಳುಗಟ್ಟಲೆ ಕಾಯಬೇಡಿ.

ನಾಳೆಯೇ ಟೋಟಲ್ ಮತ್ತು ಡೈರೆಕ್ಟ್ ಬಿಲಿರುಬಿನ್ (ಕಾಮಣಿಯ ಹಳದಿ ಅಂಶ), ಜಿಜಿಟಿ (ಯಕೃತ್ತು-ಪಿತ್ತನಾಳದ ಕಿಣ್ವ), ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂಬುದು) ರಕ್ತಪರೀಕ್ಷೆ ಮಾಡಿಸಿ. ಡೈರೆಕ್ಟ್ ಬಿಲಿರುಬಿನ್ ಡೆಸಿಲೀಟರ್‌ಗೆ 1 ಮಿ.ಗ್ರಾಂ ದಾಟಿದ್ದರೆ ಅದು ಎಳೆಗೂಸುಗಳ ಮಾಮೂಲಿ ಕಾಮಣಿ ಅಲ್ಲ. ಬಿಸಿಲಿಗೆ ಹಿಡಿದರೆ ಇಳಿಯುವುದಿಲ್ಲ, ಗಾವಠಿ ಔಷಧವಂತೂ ಬೇಡವೇ ಬೇಡ. ಐಎನ್‌ಆರ್ ಹೆಚ್ಚಿದ್ದರೆ ವಿಟಮಿನ್ ಕೆ ಇಂಜೆಕ್ಷನ್ ಕೂಡಲೇ ಬೇಕು, ಇಲ್ಲದಿದ್ದರೆ ತಲೆಯೊಳಗೆ ರಕ್ತಸ್ರಾವದ ಭಯವಿದೆ.

ಆಮೇಲೆ ವೈದ್ಯರು ಹೇಳಿದಂತೆ ಸುಮಾರು 4 ತಾಸು ಹಾಲು ಕುಡಿಸದೆ ಮತ್ತೆ ಸ್ಕ್ಯಾನಿಂಗ್. ಹಾಲು ಕುಡಿದರೆ ಪಿತ್ತಕೋಶ ಕುಗ್ಗಿ ವರದಿ ದಾರಿ ತಪ್ಪಿಸುತ್ತದೆ. ಯಕೃತ್ತಿನೊಳಗಿನ ನಾಳಗಳು ಹಿಗ್ಗಿ, ಪಿತ್ತಕೋಶ ಸರಿಯಾಗಿದ್ದರೆ ಕೊಲೆಡೋಕಲ್ ಸಿಸ್ಟ್ ಕಡೆ ವಾಲುತ್ತದೆ. ನಾಳ ಹಿಗ್ಗಿಲ್ಲ, ಪಿತ್ತಕೋಶ ಸುರುಟಿದೆ, ಸಿಸ್ಟ್ ಚಿಕ್ಕದು ಎಂದರೆ ಅಟ್ರೇಸಿಯಾ ಕಡೆ ವಾಲುತ್ತದೆ. ಆದರೂ ಸ್ಕ್ಯಾನಿಂಗ್ ಕೊನೆಯ ಮಾತಲ್ಲ. ಹೈಡಾ ಸ್ಕ್ಯಾನ್‌ನಲ್ಲಿ (ರಕ್ತನಾಳಕ್ಕೆ ಕೊಟ್ಟ ವಿಕಿರಣಶೀಲ ಔಷಧ ಪಿತ್ತದೊಂದಿಗೆ ಹರಿಯುವುದನ್ನು ನೋಡುವ ಪರೀಕ್ಷೆ) ಔಷಧ ಕರುಳಿಗೆ ಇಳಿದರೆ ಅಟ್ರೇಸಿಯಾ ಬಹುತೇಕ ಇಲ್ಲ. ಇಳಿಯದಿದ್ದರೆ ಅದೊಂದರಿಂದಲೇ ಖಚಿತವಾಗದು, ನವಜಾತ ಹೆಪಟೈಟಿಸ್‌ನಲ್ಲೂ ಹಾಗಾಗಬಹುದು. ಈ ಹೈಡಾ ಸ್ಕ್ಯಾನ್‌ಗಾಗಿ ವಾರ ಕಳೆಯುವುದು ಸರಿಯಲ್ಲ. ಖಚಿತವಾಗುವುದು ಆಪರೇಷನ್ ಟೇಬಲ್ ಮೇಲೆ ಮಾಡುವ ಕೊಲಾಂಜಿಯೋಗ್ರಾಮ್‌ನಿಂದ (ಪಿತ್ತನಾಳಕ್ಕೆ ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್-ರೇ).

ಅಟ್ರೇಸಿಯಾ ಆದರೆ ಕಸಾಯಿ (Kasai) ಶಸ್ತ್ರಚಿಕಿತ್ಸೆ, ಅಂದರೆ ಮುಚ್ಚಿದ ನಾಳ ತೆಗೆದು ಯಕೃತ್ತಿಗೆ ನೇರ ಕರುಳು ಜೋಡಿಸುವುದು, 60 ದಿನದೊಳಗೆ ಆದಷ್ಟೂ ಒಳ್ಳೆಯದು. ನಿಮಗೆ ಉಳಿದಿರುವುದು 20 ದಿನ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಥವಾ ಧಾರವಾಡದ ಎಸ್‌ಡಿಎಂ ಆಸ್ಪತ್ರೆಗೆ ಇವತ್ತೇ ಫೋನ್ ಮಾಡಿ, ಮಕ್ಕಳ ಸರ್ಜನ್ ಯಾವಾಗ ಸಿಗುತ್ತಾರೆ ಎಂದು ಕೇಳಿ. ಮಲದ ಫೋಟೋಗಳನ್ನು ಹಗಲು ಬೆಳಕಿನಲ್ಲಿ ತೆಗೆದು ಒಯ್ಯಿರಿ.