ಹಿತ್ತಲಿನ ತೂಗುಯ್ಯಾಲೆಗೆ ರೆಡ್ ಓಕ್ ಹಲಗೆ ತಂದಿದ್ದೇನೆ, ಮಳೆ ಹಿಮ ತಡೆಯಲು ಯಾವ ವಾರ್ನಿಶ್ ಹಚ್ಚಲಿ?

ಯಾವುದನ್ನೂ ಹಚ್ಚಬೇಡಿ. ಹಲಗೆಗಳನ್ನು ಇನ್ನೂ ಕೊಯ್ದಿಲ್ಲವಾದರೆ ಮನೆಯೊಳಗೆ ಎತ್ತಿಡಿ. ಅವುಗಳಿಗೆ ಬೇರೆ ಕೆಲಸವಿದೆ.

ನಾನಿರುವುದು ಅಮೆರಿಕದ ಒಹಾಯೊದಲ್ಲಿ. ಇಲ್ಲಿಗೆ ಬಂದ ಹೊಸತರಲ್ಲಿ ಮರಗೆಲಸದ ಹುಚ್ಚು ಹಿಡಿಯಿತು. ಅಂಗಡಿಯಲ್ಲಿ ರೆಡ್ ಓಕ್ ನೇರವಾಗಿ, ಗಂಟಿಲ್ಲದೆ, ಕೈಗೆಟಕುವ ಬೆಲೆಗೆ ಸಿಗುತ್ತಿತ್ತು. ವೈಟ್ ಓಕ್ ಬೆಲೆ ನೋಡಿ ಅತ್ತ ತಿರುಗಲಿಲ್ಲ. ಹಿತ್ತಲಿಗೊಂದು ಬೆಂಚು ಮಾಡಿದೆ. ಸಂದುಗಳನ್ನು ಉಳಿಯಿಂದಲೇ ಕೊರೆದು ಕೂರಿಸಿದೆ. ಹಡಗಿಗೆ ಬಳಿಯುವ ದುಬಾರಿ ವಾರ್ನಿಶ್ಶನ್ನು ಪದರದ ಮೇಲೆ ಪದರ ಹಚ್ಚಿದೆ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಕಾಲುಗಳ ಬುಡ ಕಪ್ಪಾಗಿತ್ತು. ಬೇಸಿಗೆಗೆ ಊರಿನಿಂದ ಬಂದ ಮಾವನವರು ಕೂತಾಗ ಹಿಂಗಾಲೊಂದು ಕುಸಿಯಿತು. ಅವರಿಗೆ ಪೆಟ್ಟಾಗಲಿಲ್ಲ, ಆದರೆ ಊರಿಗೆ ಹಿಂದಿರುಗುವವರೆಗೂ ನಮ್ಮ ಮನೆಯ ಯಾವ ಕುರ್ಚಿಯನ್ನೂ ಅಲ್ಲಾಡಿಸಿ ನೋಡದೆ ಕೂರಲಿಲ್ಲ.

ತಪ್ಪಿದ್ದು ಎಲ್ಲಿ ಎಂದು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಒಳಗೂ ಅದೇ ಕೂತಿದೆ. ಮಲೆನಾಡಿನಲ್ಲಿ ಹೊನ್ನೆ, ಬೀಟೆ ನೋಡುತ್ತಾ ಬೆಳೆದವನು ನಾನು. ಅವು ಗಡಸೂ ಹೌದು, ದೀರ್ಘಕಾಲ ಬಾಳುವಂಥವೂ ಹೌದು. ಹಾಗಾಗಿ ಗಡಸು ಮರವೆಂದರೆ ಕೊಳೆಯದ ಮರ ಎಂದೇ ತಲೆಯಲ್ಲಿತ್ತು. ಇಲ್ಲಿ ಮರದ ಗಡಸುತನವನ್ನು ಜಾಂಕಾ ಪರೀಕ್ಷೆಯಿಂದ ಅಳೆಯುತ್ತಾರೆ: 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡು ಅರ್ಧದಷ್ಟು ಮರದೊಳಗೆ ಇಳಿಯಲು ಎಷ್ಟು ಪೌಂಡ್ ಬಲ ಬೇಕು ಎಂಬ ಲೆಕ್ಕ. ರೆಡ್ ಓಕ್ 1,290, ವೈಟ್ ಓಕ್ 1,360. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಬೆಲೆಯೇ ಎಂದುಕೊಂಡೆ. ಅದೇ ಪಟ್ಟಿಯಲ್ಲಿ ತೇಗ ಸುಮಾರು 1,000 ಎಂದಿತ್ತು. ತೇಗಕ್ಕಿಂತ ಗಟ್ಟಿ ಮರ ಸಿಕ್ಕಿತೆಂದು ಹಿಗ್ಗಿದೆನೇ ಹೊರತು, ಅಷ್ಟು ಮೆತ್ತಗಿನ ತೇಗ ಮಳೆಯಲ್ಲಿ ಅಷ್ಟು ಕಾಲ ಹೇಗೆ ಉಳಿಯುತ್ತದೆ ಎಂದು ಕೇಳಿಕೊಳ್ಳಲಿಲ್ಲ. ಗುಂಡಿಗೆ ಬಗ್ಗದ ಮರ ಶಿಲೀಂಧ್ರಕ್ಕೂ ಬಗ್ಗುವುದಿಲ್ಲ ಎಂದೇನೂ ಇಲ್ಲ. ಅಮೆರಿಕದ ಅರಣ್ಯ ಇಲಾಖೆಯ ಮರದ ಕೈಪಿಡಿಯಲ್ಲಿ ಕೊಳೆಯುವಿಕೆಯ ಪಟ್ಟಿಯೇ ಬೇರೆ ಇದೆ. ಅದರಲ್ಲಿ ವೈಟ್ ಓಕ್‌ನ ಚೇಗು, ಅಂದರೆ ಮರದ ನಡುವಿನ ಬಲಿತ ಭಾಗ, ಕೊಳೆತ ತಡೆದುಕೊಳ್ಳುವ ಗುಂಪಿನಲ್ಲಿದೆ, ರೆಡ್ ಓಕ್ ಕೊನೆಯ ಗುಂಪಿನಲ್ಲಿದೆ.

ಎರಡೂ ಓಕ್‌ಗಳಲ್ಲಿ ವಸಂತದಲ್ಲಿ ಬೆಳೆಯುವ ನೀರಿನ ನಾಳಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ವೈಟ್ ಓಕ್ ಮರ ಬಲಿತು ಚೇಗು ಕಟ್ಟುವಾಗ ಈ ನಾಳಗಳೊಳಗೆ ಟೈಲೋಸಿಸ್ ಎಂಬ ಗುಳ್ಳೆಯಂಥ ಬೆಳವಣಿಗೆಯಾಗಿ ದಾರಿ ಮುಚ್ಚಿಹೋಗುತ್ತದೆ. ಬೂರ್ಬನ್ ವಿಸ್ಕಿಯ ಪೀಪಾಯಿಗೆ ವೈಟ್ ಓಕನ್ನೇ ಹುಡುಕುವುದು ಇದಕ್ಕೇ. ರೆಡ್ ಓಕ್‌ನಲ್ಲಿ ದಾರಿ ತೆರೆದೇ ಇರುತ್ತದೆ. ನಂಬಿಕೆ ಬಾರದಿದ್ದರೆ ನಿಮ್ಮ ಹಲಗೆಯಿಂದ ಎಳೆ ನೇರವಾಗಿರುವ ಗೇಣುದ್ದದ ತುಂಡು ಕೊಯ್ದು, ಒಂದು ತುದಿಯನ್ನು ಸೋಪಿನ ನೀರಿನಲ್ಲಿ ಅದ್ದಿ, ಇನ್ನೊಂದು ತುದಿಗೆ ಬಾಯಿಟ್ಟು ಊದಿ. ಗುಳ್ಳೆ ಏಳುತ್ತದೆ. ನನ್ನ ಬೆಂಚಿನ ಕಾಲುಗಳು ಇಂಥ ಕೊಳವೆಗಳ ಕಟ್ಟುಗಳಾಗಿ ಒದ್ದೆ ಕಲ್ಲುಹಾಸಿನ ಮೇಲೆ ನಿಂತಿದ್ದವು.

ಬುಡಕ್ಕೂ ವಾರ್ನಿಶ್ ಹಚ್ಚಿದ್ದರೆ ಆಗುತ್ತಿತ್ತಲ್ಲ ಎನ್ನಬಹುದು. ಆಗುತ್ತಿರಲಿಲ್ಲ, ಕೊಳೆಯುವುದು ಒಂದಷ್ಟು ತಡವಾಗುತ್ತಿತ್ತು ಅಷ್ಟೇ. ಹಸಿ ಮರ ಪೂರ್ತಿ ಒಣಗುವಾಗ ರೆಡ್ ಓಕ್ ಅಗಲದಲ್ಲಿ ಶೇ. 8.6ರವರೆಗೂ ಕುಗ್ಗುತ್ತದೆ. ಒಣಗಿದ ಮೇಲೂ ಋತು ಬದಲಾದಂತೆ ಹಿಗ್ಗುವುದು ಕುಗ್ಗುವುದು ತಪ್ಪುವುದಿಲ್ಲ. ಆ ಎಳೆದಾಟಕ್ಕೆ ಪದರ ಎಲ್ಲೋ ಒಂದು ಸಂದಿನಲ್ಲಿ ಬಿರಿಯುತ್ತದೆ. ಒಳಹೊಕ್ಕ ನೀರು ಹೊರಬರಲು ಮಿಕ್ಕ ವಾರ್ನಿಶ್ಶೇ ಬಿಡುವುದಿಲ್ಲ. ದುಬಾರಿ ಡಬ್ಬಿ ಕೊಂಡು ನಾನು ಕೊಳೆತಕ್ಕೆ ಮುಚ್ಚಳ ಹಾಕಿದ್ದೆ.

ಇನ್ನು ಸ್ಕ್ರೂ. ಸಾಮಾನ್ಯ ಕಬ್ಬಿಣದ್ದು ಹಾಕಿದರೆ ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ, ಕಬ್ಬಿಣ, ನೀರು ಮೂರೂ ಸೇರಿ ಸುತ್ತಲೂ ನೀಲಿಗಪ್ಪು ಕಲೆ ಮೂಡುತ್ತದೆ. ಯುರೋಪಿನವರು ಶತಮಾನಗಳ ಕಾಲ ಬರೆದ ಮಸಿ ಇದೇ ರಸಾಯನದ್ದು. ಓಕ್ ಗಿಡದಲ್ಲಿ ಕೀಟಗಳಿಂದ ಏಳುವ ಗಂಟುಗಳನ್ನು ಕಬ್ಬಿಣದ ಲವಣದೊಂದಿಗೆ ಸೇರಿಸಿ ಮಾಡುತ್ತಿದ್ದರು. ಹೊರಗಿನ ಕೆಲಸಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಿಟ್ಟು ಬೇರೆ ಮುಟ್ಟಬೇಡಿ. ಮೇಲ್ಮೈಯ ಕಲೆಯಾದರೆ ಆಕ್ಸಾಲಿಕ್ ಆಮ್ಲದಲ್ಲಿ ಹೋಗುತ್ತದೆ. ಅದು ವಿಷ, ಕೈಗವಸು ಇರಲಿ.

ಹೊರಗೇ ಬೇಕೆಂಬ ಹಟವಿದ್ದರೆ ವೈಟ್ ಓಕ್ ಕೊಳ್ಳಿ, ದೊಡ್ಡ ಅಂಗಡಿಯಲ್ಲಲ್ಲ, ಮರ ಕೊಯ್ಯುವ ಮಿಲ್ಲಿನಲ್ಲಿ. ಅಂಚಿನ ಬಿಳಿ ಭಾಗ ಬೇಡ, ಚೇಗೇ ಬೇಕೆಂದು ಕೇಳಿ; ವೈಟ್ ಓಕ್‌ನಲ್ಲೂ ಆ ಬಿಳಿ ಭಾಗ ಕೊಳೆಯುತ್ತದೆ. 1797ರಲ್ಲಿ ಬಾಸ್ಟನ್‌ನಲ್ಲಿ ನೀರಿಗಿಳಿದ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್ ಕಟ್ಟಿದ್ದು ವೈಟ್ ಓಕ್ ಮತ್ತು ಲೈವ್ ಓಕ್ ಎಂಬ ಇನ್ನೊಂದು ಓಕ್‌ನಿಂದ ಎಂದು ಮಿಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ನಿಜವೇ, ಆದರೆ ಆ ಹಡಗನ್ನು ಎಷ್ಟು ಸಲ ದುರಸ್ತಿ ಮಾಡಿದ್ದಾರೆ ಎಂಬುದನ್ನು ಹೇಳುವುದಿಲ್ಲ. ವಾರ್ನಿಶ್ ಇಲ್ಲದೆ ಬಿಟ್ಟರೆ ವೈಟ್ ಓಕ್ ಬೂದು ಬಣ್ಣಕ್ಕೆ ತಿರುಗುತ್ತದೆ. ತಿರುಗಲಿ ಬಿಡಿ, ಬಣ್ಣಕ್ಕೂ ಬಾಳಿಕೆಗೂ ಸಂಬಂಧವಿಲ್ಲ.

ಊರಿನ ಕಾಫಿ ತೋಟದ ಸಿಲ್ವರ್ ಓಕ್ ಇದೇ ಜಾತಿಯೇ ಎಂದೂ ಕೇಳಿದ್ದೀರಿ. ಅಲ್ಲ, ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯದೇ ಕುಟುಂಬದ ಮರ. ಕೊಯ್ದಾಗ ಕಾಣುವ ಹೊಳೆಯುವ ಪಟ್ಟೆಗಳು ಮಾತ್ರ ಓಕನ್ನು ಹೋಲುತ್ತವೆ.

ನನ್ನನ್ನು ಕೇಳಿದರೆ ತೂಗುಯ್ಯಾಲೆ ಹಿತ್ತಲಿನಲ್ಲಿ ಏಕಿರಬೇಕು? ನಮ್ಮ ಮನೆಗಳಲ್ಲಿ ಅದು ಪಡಸಾಲೆಯಲ್ಲಿ ತೂಗುತ್ತಿದ್ದ ವಸ್ತು. ಒಳಗೆ ರೆಡ್ ಓಕ್‌ಗೆ ಯಾವ ಕೊರತೆಯೂ ಇಲ್ಲ: ಗಡಸು, ಭಾರ ಹೊರುತ್ತದೆ, ಎಣ್ಣೆ ಹಚ್ಚಿದರೆ ತಿಳಿಗೆಂಪು ಬಣ್ಣ ಎದ್ದು ಕಾಣುತ್ತದೆ. ಚಳಿಗಾಲದಲ್ಲಿ ಹೀಟರ್ ಗಾಳಿಗೆ ಹಲಗೆ ಕುಗ್ಗುವುದರಿಂದ, ಹಲಗೆಗಳನ್ನು ಕೆಳಗಿನಿಂದ ಜೋಡಿಸುವ ಅಡಿಪಟ್ಟಿಗೆ ಗೋಂದು ಹಾಕಬೇಡಿ. ಪಟ್ಟಿಯಲ್ಲಿ ಉದ್ದನೆಯ ತೂತು ಕೊರೆದು ಸ್ಕ್ರೂ ಬಿಗಿಯಿರಿ. ಕೊಕ್ಕೆಗಳನ್ನು ಚಾವಣಿಯ ಜಿಪ್ಸಮ್ ಹಲಗೆಗೆ ಹಾಕದೆ ಅದರ ಮೇಲಿನ ಜಾಯಿಸ್ಟುಗಳಿಗೇ, ಅಂದರೆ ಮರದ ತೊಲೆಗಳಿಗೇ ಸೇರಿಸಿ, ಭಾರ ಒಂದಕ್ಕಿಂತ ಹೆಚ್ಚು ಜಾಯಿಸ್ಟುಗಳ ಮೇಲೆ ಹರಡುವಂತೆ ಅಡ್ಡಪಟ್ಟಿ ಕೊಡಿ. ನಿಮ್ಮದು ಹೊಸ ಮನೆಯಾಗಿದ್ದು ಅಟ್ಟದಲ್ಲಿ ಜಾಯಿಸ್ಟಿನ ಬದಲು ತೆಳು ಮರದ ತ್ರಿಕೋನ ಟ್ರಸ್ಸುಗಳಿದ್ದರೆ, ಇಂಜಿನಿಯರಿಗೆ ತೋರಿಸದೆ ಕೊಕ್ಕೆ ಹೊಡೆಯಬೇಡಿ. ತೂಗಾಡುವ ಭಾರಕ್ಕೆಂದು ಮಾಡಿದವಲ್ಲ ಅವು.